ಫಲಿತಾಂಶ ಸಿದ್ಧವಿದೆ, ಮತದಾನವಷ್ಟೇ ಬಾಕಿ

ಚುನಾವಣೆಯೆಂದರೆ ಮೊದಲು ಮತದಾನ, ಆಮೇಲೆ ಎಣಿಕೆ, ಕೊನೆಗೆ ಫಲಿತಾಂಶ ಎಂಬ ಹಳೆಯ ಕ್ರಮವನ್ನೇ ಇನ್ನೂ ನಂಬಿಕೊಂಡಿರುವವರು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಕಡೆಗೊಮ್ಮೆ ನೋಡಬೇಕು. ಈ ಕ್ರಮದಲ್ಲಿ ಎಷ್ಟೊಂದು ಅನಿಶ್ಚಿತತೆ, ಎಷ್ಟೊಂದು ಆತಂಕ ಅಡಗಿದೆಯೆಂಬುದನ್ನು ಮನಗಂಡ ಅಲ್ಲಿನ ಶಾಸನಸಭೆಯ ಹಿರಿಯರು ಫಲಿತಾಂಶವನ್ನೇ ಎಲ್ಲಕ್ಕಿಂತ ಮುಂದೆ ತಂದಿಟ್ಟುಕೊಂಡಿದ್ದಾರೆ. ವಾಷಿಂಗ್ಟನ್ನಿನ ಜನಪ್ರತಿನಿಧಿ ಸಭೆಗೆ ತಮ್ಮ ರಾಜ್ಯದಿಂದ ಯಾವ ಪಕ್ಷದವರು ಎಷ್ಟು ಮಂದಿ ಹೋಗಬೇಕೆಂಬುದು ರಾಜಧಾನಿ ರಾಲಿಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ನಿಶ್ಚಯವಾಗುತ್ತದೆ. ನವೆಂಬರ್ ತಿಂಗಳ ಒಂದು ಮಂಗಳವಾರ ಜನರು ಸಾಲಿನಲ್ಲಿ ನಿಂತು ಅದಕ್ಕೆ ಅನುಮೋದನೆ ಕೊಟ್ಟು ಮನೆಗೆ ಹೋಗುತ್ತಾರೆ.

ಇದರ ತಾಂತ್ರಿಕತೆ ಕಷ್ಟದ್ದೇನಲ್ಲ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಪ್ರತಿ ರಾಜ್ಯಕ್ಕೂ ಸ್ಥಾನಗಳು ಹಂಚಿಕೆಯಾಗುತ್ತವೆ ಮತ್ತು ಕ್ಷೇತ್ರಗಳ ಗಡಿ ಗುರುತಿಸುವ ಕೆಲಸ ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಶಾಸನಸಭೆಯದು, ಅಂದರೆ ಶಾಸನಸಭೆಯಲ್ಲಿ ಬಹುಮತ ಪಡೆದ ಪಕ್ಷದ್ದು. ಎದುರು ಪಕ್ಷದ ಮತದಾರರಲ್ಲಿ ಒಂದಷ್ಟು ಮಂದಿಯನ್ನು ಎರಡು ಮೂರು ಕ್ಷೇತ್ರಗಳಲ್ಲಿ ಒತ್ತೊತ್ತಾಗಿ ತುಂಬಿದರೆ ಅವರು ಅಲ್ಲಿ ಶೇ 70ರಷ್ಟು ಮತ ಪಡೆದು ವಿಜೃಂಭಿಸಬಹುದು. ಮಿಕ್ಕವರನ್ನು ಉಳಿದ ಕ್ಷೇತ್ರಗಳಿಗೆಲ್ಲ ತೆಳುವಾಗಿ ಹರಡಿದರೆ ಅವರು ಎಲ್ಲೆಡೆಯೂ ಗೌರವಯುತವಾಗಿ ಸೋಲಬಹುದು. ಇಷ್ಟಾದರೂ ಜನಸಂಖ್ಯೆಯ ಲೆಕ್ಕದಲ್ಲಿ ಮಾತ್ರ ಒಂದು ತಲೆಯೂ ಹೆಚ್ಚುಕಡಿಮೆಯಾಗುವಂತಿಲ್ಲ. 2020ರ ಜನಗಣತಿಯ ಪ್ರಕಾರ ಉತ್ತರ ಕೆರೊಲಿನಾದ ಪ್ರತಿ ಕ್ಷೇತ್ರದ ಪಾಲಿಗೆ ಬಂದವರು 7,45,670 ಅಥವಾ 7,45,671 ಮಂದಿ. ಆ ಒಬ್ಬ ಹೆಚ್ಚುವರಿ ವ್ಯಕ್ತಿಯ ವಿಷಯದಲ್ಲಿ ತೋರುವ ನಿಷ್ಠೆಯಲ್ಲಿ ಸ್ವಲ್ಪವನ್ನಾದರೂ ಉಳಿದ ಏಳು ಲಕ್ಷ ಚಿಲ್ಲರೆ ಜನರ ವಿಷಯದಲ್ಲಿ ತೋರಿದ್ದರೆ ಈ ಲೇಖನದ ಅಗತ್ಯವೇ ಬೀಳುತ್ತಿರಲಿಲ್ಲ.

ನಮ್ಮಲ್ಲಿ ಈ ಕೆಲಸವನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು ಮುಖ್ಯಸ್ಥರಾಗಿರುವ ಆಯೋಗಕ್ಕೆ ಒಪ್ಪಿಸುವ ರೂಢಿಯಿದೆ. 2008ರಲ್ಲಿ ಹೊಸ ವಿಂಗಡಣೆಯ ಪ್ರಕಾರ ಮೊದಲು ವಿಧಾನಸಭೆ ಚುನಾವಣೆ ಎದುರಿಸಿದ ರಾಜ್ಯ ಕರ್ನಾಟಕವೇ. ಕನಕಪುರ ಲೋಕಸಭಾ ಕ್ಷೇತ್ರದಂಥ ಕ್ಷೇತ್ರವೇ ಆಗ ಭೂಪಟದಿಂದ ಮರೆಯಾಗಿ, ನಾಯಕರು ಹೊಸ ಠಿಕಾಣಿ ಹುಡುಕಿಕೊಳ್ಳಬೇಕಾಯಿತು. ಉತ್ತರ ಕೆರೊಲಿನಾದ ಶಾಸಕರ ದೃಷ್ಟಿಯಲ್ಲಿ ಇದು ಶುದ್ಧ ಅವ್ಯವಸ್ಥೆ. ಕುಣಿಯಲಾರದವರು ನೆಲ ಡೊಂಕೆಂದು ದೂರುವುದನ್ನು ನಾವೆಲ್ಲ ಕೇಳಿದ್ದೇವೆ. ನೆಲವನ್ನು ಮೊದಲೇ ತಮಗೆ ಹೊಂದುವಷ್ಟು ಡೊಂಕು ಮಾಡಿಸಿಕೊಂಡು, ಆಮೇಲೆ ರಂಗಕ್ಕಿಳಿಯುವ ದೂರದೃಷ್ಟಿ ಅಲ್ಲಿನವರದು.

ಈ ವಿದ್ಯೆಯನ್ನು ಒಂದೇ ಪಕ್ಷದ ಸೊತ್ತೆಂದು ಹೇಳಿದರೆ ಮತ್ತೊಂದು ಪಕ್ಷಕ್ಕೆ ಅನ್ಯಾಯವಾಗುತ್ತದೆ. 1992ರ ಚುನಾವಣೆಗೆ ಗೆರೆ ಎಳೆದವರು ಡೆಮಾಕ್ರಟಿಕ್ ಪಕ್ಷದವರು. ತೊಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಕಪ್ಪು ಜನಾಂಗದ ಒಬ್ಬ ಪ್ರತಿನಿಧಿಯನ್ನೂ ಕಳುಹಿಸದಿದ್ದ ರಾಜ್ಯ ಆ ಕೊರತೆಯನ್ನು ನೀಗಬೇಕಿತ್ತು, ಅದೂ ಹಾಲಿ ಸದಸ್ಯರ ಸುಖನಿದ್ರೆಗೆ ಭಂಗ ಬಾರದಂತೆ. ಹೀಗೆ ಹುಟ್ಟಿದ 12ನೆಯ ಕ್ಷೇತ್ರ ಸುಮಾರು 160 ಮೈಲಿ ಉದ್ದವಿತ್ತು ಮತ್ತು ಬಹುತೇಕ ಉದ್ದಕ್ಕೂ ಅಂತರರಾಜ್ಯ ಹೆದ್ದಾರಿ 85ರಷ್ಟೇ ಅಗಲವಿತ್ತು. ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಉತ್ತರಕ್ಕೆ ಹೋಗುವ ಕಾರು ಒಂದು ಕ್ಷೇತ್ರದಲ್ಲಿಯೂ ದಕ್ಷಿಣಕ್ಕೆ ಬರುವ ಕಾರು ಇನ್ನೊಂದರಲ್ಲಿಯೂ ಇರುತ್ತಿದ್ದವು. ಮುಂದಿನ ಕೌಂಟಿ ದಾಟುತ್ತಲೇ ಅವು ಕ್ಷೇತ್ರಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದವು. ಇದು ನನ್ನ ಕುಚೋದ್ಯವಲ್ಲ, 1993ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿಯೇ ದಾಖಲಾಗಿರುವ ವರ್ಣನೆ. ಕಾರಿನ ಎರಡೂ ಬಾಗಿಲು ತೆರೆದುಕೊಂಡು ಆ ಹೆದ್ದಾರಿಯಲ್ಲಿ ಹೋದರೆ ಕ್ಷೇತ್ರದ ಬಹುಪಾಲು ಮತದಾರರು ಸತ್ತೇಹೋಗುತ್ತಾರೆ ಎಂದು ರಾಜ್ಯದ ಶಾಸಕರೊಬ್ಬರು ಆಡಿದ ಮಾತನ್ನೂ ನ್ಯಾಯಾಲಯ ಗಂಭೀರವಾಗಿ ಉಲ್ಲೇಖಿಸಿದೆ.

2010ರಲ್ಲಿ ಶಾಸನಸಭೆ ರಿಪಬ್ಲಿಕನ್ ಪಕ್ಷದ ಕೈಸೇರಿತು, ಅದರೊಂದಿಗೆ ಕರಕುಶಲ ಯುಗ ಮುಗಿದು ಯಂತ್ರಯುಗ ಆರಂಭವಾಯಿತು. 2012ರಲ್ಲಿ ರಾಜ್ಯದ ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಡೆದದ್ದು ಡೆಮಾಕ್ರಟಿಕ್ ಪಕ್ಷ; 13 ಸ್ಥಾನಗಳಲ್ಲಿ 9ನ್ನು ಪಡೆದದ್ದು ರಿಪಬ್ಲಿಕನ್ ಪಕ್ಷ. ಮತ ಒಬ್ಬರಿಗೆ, ಸ್ಥಾನ ಇನ್ನೊಬ್ಬರಿಗೆ ಎಂಬ ಈ ಸಮಪಾಲು ತತ್ತ್ವವನ್ನು ಯಾರೂ ಸರಿಯಾಗಿ ಮೆಚ್ಚಿಕೊಂಡಂತೆ ಕಾಣಲಿಲ್ಲ.

ಆದರೆ ನಿಜವಾದ ಸೊಗಸು ಇರುವುದು 2016ರ ಫೆಬ್ರುವರಿಯಲ್ಲಿ. ಎರಡು ಕ್ಷೇತ್ರಗಳ ಗಡಿಯನ್ನು ಜನಾಂಗದ ಆಧಾರದ ಮೇಲೆ ಗುರುತಿಸಲಾಗಿದೆ, ಇದು ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್ ನ್ಯಾಯಾಲಯ ಆ ತಿಂಗಳು ನಕ್ಷೆಯನ್ನು ತಿರಸ್ಕರಿಸಿತು. ಆಗ ಹೊಸ ನಕ್ಷೆಯ ಹೊಣೆ ಹೊತ್ತ ಶಾಸಕ ಡೇವಿಡ್ ಲೂಯಿಸ್ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಹತ್ತು ಮಂದಿ ರಿಪಬ್ಲಿಕನ್ನರು ಮತ್ತು ಮೂವರು ಡೆಮಾಕ್ರಟರು ಗೆಲ್ಲುವಂತೆ ನಕ್ಷೆ ರಚಿಸಬೇಕೆಂದು ಸೂಚಿಸಿದರು. ಕಾರಣವನ್ನೂ ಕೊಟ್ಟರು: ಹನ್ನೊಂದು ಮತ್ತು ಎರಡು ಎಂಬ ನಕ್ಷೆ ರಚಿಸುವುದು ಸಾಧ್ಯವೆಂದು ಅವರಿಗೆ ಅನ್ನಿಸಿರಲಿಲ್ಲ. ಇದು ಪಕ್ಷದ ಲಾಭಕ್ಕಾಗಿ ಮಾಡುವ ಗಡಿ ತಿರುಚುವಿಕೆಯೆಂಬುದನ್ನು ಮುಕ್ತವಾಗಿ ಒಪ್ಪಿಕೊಳ್ಳುತ್ತೇನೆ, ಅದು ಕಾನೂನಿಗೆ ವಿರುದ್ಧವಲ್ಲ ಎಂದೂ ಸೇರಿಸಿದರು. ಸಮಿತಿ ಅಂಗೀಕರಿಸಿದ ಮಾನದಂಡಗಳಲ್ಲಿ 'ಪಕ್ಷದ ಅನುಕೂಲ' ಎಂಬುದಕ್ಕೆ ಪ್ರತ್ಯೇಕ ಶೀರ್ಷಿಕೆಯೇ ಇತ್ತು.

ಇದನ್ನು ಬಾಯಿತಪ್ಪಿ ಆಡಿದ ಮಾತೆಂದು ತಿಳಿಯುವವರು ಆ ರಾಜಕಾರಣಿಯ ಬುದ್ಧಿಮತ್ತೆಯನ್ನು ಕಡಿಮೆ ಅಂದಾಜು ಮಾಡಿದಂತಾಗುತ್ತದೆ. ಜನಾಂಗ ನೋಡಿ ಗೆರೆ ಎಳೆದರೆ ಅಪರಾಧ, ಪಕ್ಷ ನೋಡಿ ಗೆರೆ ಎಳೆದರೆ ರಾಜಕೀಯ. ಮತ್ತು ಆ ರಾಜ್ಯದಲ್ಲಿ ಕಪ್ಪು ಜನಾಂಗದ ಮತದಾರರು ಬಹುತೇಕ ಡೆಮಾಕ್ರಟಿಕ್ ಪಕ್ಷಕ್ಕೇ ಮತ ಹಾಕುವುದರಿಂದ ಎರಡೂ ಗೆರೆಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಹಾದುಹೋಗುತ್ತವೆ. ಆದ್ದರಿಂದ ಆರೋಪಿಯ ಕಟಕಟೆಯಲ್ಲಿ ನಿಂತವನಿಗೆ ಉಳಿದಿರುವ ಉತ್ತಮ ಸಮರ್ಥನೆಯೆಂದರೆ, "ಸ್ವಾಮಿ, ನನ್ನಲ್ಲಿ ಜನಾಂಗದ್ವೇಷವೇನೂ ಇಲ್ಲ, ಇದ್ದದ್ದು ಅಧಿಕಾರದ ದುರಾಸೆಯೊಂದೇ" ಎಂದು ಪ್ರಮಾಣ ಮಾಡುವುದು. ಬೇರೆಡೆ ರಾಜಕಾರಣಿಗಳು ಸ್ವಾರ್ಥವನ್ನು ಮರೆಮಾಚಲು ವಕೀಲರನ್ನು ಇಟ್ಟುಕೊಳ್ಳುತ್ತಾರೆ. ಇಲ್ಲಿ ಅದನ್ನು ಆದಷ್ಟು ಗಟ್ಟಿಯಾಗಿ, ದಾಖಲೆಯಲ್ಲಿ ಸೇರುವಂತೆ ಹೇಳಿಸಲು ಇಟ್ಟುಕೊಳ್ಳುತ್ತಾರೆ. ಸತ್ಯವಂತರಿಗಿದು ಕಾಲವಲ್ಲ ಎಂದು ಹಲುಬುವವರು ರಾಲಿಯ ಶಾಸನಸಭೆಯ ನಡಾವಳಿಯನ್ನೊಮ್ಮೆ ಓದಿ ಸಮಾಧಾನ ಪಡೆಯಬಹುದು.

ಆ ನಕ್ಷೆಯ ಕೆಲಸಗಾರಿಕೆಯನ್ನು ಹತ್ತಿರದಿಂದ ನೋಡಬೇಕಾದರೆ ಗ್ರೀನ್ಸ್‌ಬರೋ ನಗರಕ್ಕೆ ಹೋಗಬೇಕು. ಅಲ್ಲಿ ಎ ಅಂಡ್ ಟಿ ರಾಜ್ಯ ವಿಶ್ವವಿದ್ಯಾಲಯವಿದೆ. ಕಪ್ಪು ಜನಾಂಗದವರ ಶಿಕ್ಷಣಕ್ಕಾಗಿ ಹುಟ್ಟಿದ ದೇಶದ ವಿಶ್ವವಿದ್ಯಾಲಯಗಳಲ್ಲೇ ಅತಿ ದೊಡ್ಡದು. 1960ರ ಫೆಬ್ರುವರಿ 1ರಂದು ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನ ಮುಂದೆ ಕುಳಿತು ಕದಲದೆ ಹೋದ ನಾಲ್ವರು ಹುಡುಗರು ಇಲ್ಲಿನ ವಿದ್ಯಾರ್ಥಿಗಳು. ಇಂಥ ರಾಜಕೀಯ ಪ್ರಜ್ಞೆಯುಳ್ಳ ಆವರಣಕ್ಕೆ ಒಬ್ಬ ಪ್ರತಿನಿಧಿ ಸಾಲದೆಂದು ಅನ್ನಿಸಿರಬೇಕು, 2016ರ ನಕ್ಷೆಯಲ್ಲಿ 6 ಮತ್ತು 13ನೆಯ ಕ್ಷೇತ್ರಗಳ ಗಡಿ ಆವರಣದೊಳಗಿನ ರಸ್ತೆಯೊಂದರ ಮೇಲೆಯೇ ಹಾದುಹೋಯಿತು. ವಿದ್ಯಾರ್ಥಿಯೊಬ್ಬ ಒಂದು ಕ್ಷೇತ್ರದ ಹಾಸ್ಟೆಲಿನಲ್ಲಿ ಎದ್ದು, ರಸ್ತೆ ದಾಟಿ, ಇನ್ನೊಂದು ಕ್ಷೇತ್ರದ ತರಗತಿಯಲ್ಲಿ ರಾಜ್ಯಶಾಸ್ತ್ರ ಓದುವುದು ಸಾಧ್ಯವಾಯಿತು. ಎರಡೂ ಕಡೆ ಗೆದ್ದವರು ರಿಪಬ್ಲಿಕನ್ನರು, ಹಾಗಾಗಿ ರಸ್ತೆಯ ಆಚೆ ಈಚೆ ತಾರತಮ್ಯವಾಯಿತೆಂದು ದೂರುವಂತಿರಲಿಲ್ಲ.

ಈ ನಕ್ಷೆಯನ್ನು ಪ್ರಶ್ನಿಸಿದ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ತಜ್ಞರೊಬ್ಬರು ಪಕ್ಷದ ಅಂಕಿ ಅಂಶಗಳನ್ನು ನೋಡದೆಯೇ 3,000 ಪರ್ಯಾಯ ನಕ್ಷೆಗಳನ್ನು ಕಂಪ್ಯೂಟರಿನಿಂದ ಬರೆಸಿ ತೋರಿಸಿದ್ದರು. ಅವುಗಳಲ್ಲಿ ಪ್ರತಿಯೊಂದರಲ್ಲಿಯೂ ಡೆಮಾಕ್ರಟಿಕ್ ಪಕ್ಷಕ್ಕೆ ವಾಸ್ತವದ ನಕ್ಷೆಗಿಂತ ಕನಿಷ್ಠ ಒಂದು ಸ್ಥಾನ ಹೆಚ್ಚು ಸಿಗುತ್ತಿತ್ತು. 2019ರ ಜೂನ್ 27ರಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರು ಐದು ಮಂದಿಯ ಬಹುಮತದ ತೀರ್ಪು ಬರೆಯುತ್ತ, ಇಂಥ ಅತಿರೇಕದ ಫಲಿತಾಂಶಗಳು ಅನ್ಯಾಯವಾಗಿ ಕಾಣುವುದು ಸಹಜವೆಂದು ಒಪ್ಪಿಕೊಂಡರು. ಆದರೆ ಇದು ರಾಜಕೀಯ ಪ್ರಶ್ನೆ, ಫೆಡರಲ್ ನ್ಯಾಯಾಲಯಗಳ ಕೈಗೆ ಎಟುಕುವಂಥದಲ್ಲ ಎಂದರು. ಪರಿಹಾರಕ್ಕೆ ಬೇಕಾದರೆ ರಾಜ್ಯಗಳ ಬಳಿಗೆ ಹೋಗಬಹುದೆಂಬ ಸಲಹೆಯೂ ಅದರಲ್ಲಿತ್ತು. ಅಂದರೆ ಶಾಸನಸಭೆಯ ಮೇಲಿನ ದೂರನ್ನು ಶಾಸನಸಭೆಗೇ ಕೊಡಬಹುದು. ನ್ಯಾಯಮೂರ್ತಿ ಎಲೆನಾ ಕೇಗನ್ ಅವರು ಗೌರವದಿಂದಲೂ ಆಳವಾದ ದುಃಖದಿಂದಲೂ ಭಿನ್ನಮತ ದಾಖಲಿಸಿದರು. ದುಃಖಕ್ಕೆ ಕಾನೂನಿನ ಬಲವಿಲ್ಲ.

ಇದೇ ಹೊತ್ತಿನಲ್ಲಿ ರಾಜ್ಯದ 9ನೆಯ ಕ್ಷೇತ್ರದಲ್ಲೊಂದು ವಿಚಿತ್ರ ನಡೆಯಿತು. 2018ರಲ್ಲಿ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಾರ್ಕ್ ಹ್ಯಾರಿಸ್ 905 ಮತಗಳಿಂದ ಮುಂದಿದ್ದರು. ಅವರ ಪ್ರಚಾರಕ್ಕೆ ದುಡಿದ ಮೆಕ್‌ಕ್ರೇ ಡೌಲೆಸ್ ಎಂಬಾತ ಬ್ಲೇಡನ್ ಕೌಂಟಿಯ ಸುತ್ತಮುತ್ತ ಅಂಚೆ ಮತಪತ್ರಗಳನ್ನು ಮನೆಮನೆಯಿಂದ ಅಕ್ರಮವಾಗಿ ಸಂಗ್ರಹಿಸಲು ಜನರನ್ನಿಟ್ಟಿದ್ದನೆಂಬುದು ವಿಚಾರಣೆಯಲ್ಲಿ ಹೊರಬಿತ್ತು. ಚುನಾವಣಾ ಮಂಡಳಿ ಫಲಿತಾಂಶವನ್ನು ಪ್ರಮಾಣೀಕರಿಸದೆ ಮರುಚುನಾವಣೆಗೆ ಆದೇಶಿಸಿತು. ಡೌಲೆಸ್‌ನ ಮೇಲೆ ಮೊಕದ್ದಮೆ ಹೂಡಲಾಯಿತು. ವಿಚಾರಣೆ ನಡೆಯುವ ಮುನ್ನವೇ 2022ರಲ್ಲಿ ಆತ ತೀರಿಕೊಂಡ. ಪಾಪ, ಆತ ಚಿಲ್ಲರೆ ವ್ಯಾಪಾರಿ. ಒಂದೊಂದೇ ಲಕೋಟೆಯ ಹಿಂದೆ ಬಿದ್ದು ಕಾಲು ಸವೆಸಿದ. ಸಗಟು ವ್ಯಾಪಾರವಾದರೆ ಯಾರ ಮನೆಬಾಗಿಲಿಗೂ ಹೋಗಬೇಕಾಗಿಲ್ಲ, ಏಳು ಲಕ್ಷ ಜನರನ್ನು ಒಂದೇ ಗೆರೆಯಿಂದ ಆಚೆಗೋ ಈಚೆಗೋ ಸರಿಸಬಹುದು ಮತ್ತು ಅದಕ್ಕೆ ಸರ್ಕಾರಿ ಮುದ್ರೆಯೂ ಬೀಳುತ್ತದೆಂಬುದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾವ ಆರೋಪವೂ ಹೊರಿಸಲ್ಪಡದ ಹ್ಯಾರಿಸ್ 2024ರಲ್ಲಿ ಪಕ್ಕದ 8ನೆಯ ಕ್ಷೇತ್ರದಿಂದ, ಯಾವ ಲಕೋಟೆಯ ಗೊಡವೆಯೂ ಇಲ್ಲದೆ, ಸಲೀಸಾಗಿ ಆರಿಸಿಬಂದರು.

ರಾಜ್ಯಗಳ ಬಳಿಗೆ ಹೋಗಿರೆಂಬ ಸಲಹೆಯನ್ನು ಕೆಲವರು ಮುಗ್ಧವಾಗಿ ನಂಬಿದರು. 2022ರ ಫೆಬ್ರುವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹೊಸ ನಕ್ಷೆಯನ್ನು ಪರಿಶೀಲಿಸಿ, ಪಕ್ಷಪಾತದ ಗಡಿಯನ್ನು ರಾಜ್ಯದ ಸಂವಿಧಾನ ನಿಷೇಧಿಸುತ್ತದೆ ಎಂದಿತು. ಆ ವರ್ಷ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ನಕ್ಷೆಯ ಮೇಲೆ ಚುನಾವಣೆ ನಡೆದು, ಈಗ 14 ಆಗಿದ್ದ ಸ್ಥಾನಗಳು ಏಳು ಮತ್ತು ಏಳಾಗಿ ಹಂಚಿಹೋದವು. ಬಹುಶಃ ಮತದಾರರಿಗೇ ಇದರಿಂದ ಗಾಬರಿಯಾಗಿರಬೇಕು. ಆದರೆ ಉತ್ತರ ಕೆರೊಲಿನಾದಲ್ಲಿ ನ್ಯಾಯಮೂರ್ತಿಗಳೂ ಪಕ್ಷದ ಹೆಸರಿನಲ್ಲಿಯೇ ಚುನಾಯಿತರಾಗುತ್ತಾರೆ. ಅದೇ ನವೆಂಬರಿನಲ್ಲಿ ನ್ಯಾಯಾಲಯದ ಬಲಾಬಲ ಬದಲಾಗಿ ರಿಪಬ್ಲಿಕನ್ನರು ಐವರಾದರು, ಡೆಮಾಕ್ರಟರು ಇಬ್ಬರಾದರು. ಅದೇ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡು 2023ರ ಏಪ್ರಿಲಿನಲ್ಲಿ, ಸಂವಿಧಾನ ಅಂಥದ್ದೇನನ್ನೂ ನಿಷೇಧಿಸುವುದಿಲ್ಲ ಎಂದು ತೀರ್ಪಿತ್ತರು. ಈ ಹದಿನಾಲ್ಕು ತಿಂಗಳಲ್ಲಿ ಸಂವಿಧಾನದ ಒಂದು ಅಕ್ಷರವೂ ಬದಲಾಗಿರಲಿಲ್ಲ, ಓದುವ ಕನ್ನಡಕಗಳಷ್ಟೇ ಬದಲಾಗಿದ್ದವು. ಶಾಸನಸಭೆ ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ನಕ್ಷೆ ಬರೆಯಿತು. 2024ರಲ್ಲಿ ಏಳು ಮತ್ತು ಏಳು ಎಂಬುದು ಹತ್ತು ಮತ್ತು ನಾಲ್ಕಾಯಿತು. ಡೆಮಾಕ್ರಟಿಕ್ ಪಕ್ಷದ ಮೂವರು ಹಾಲಿ ಸದಸ್ಯರು ಹೊಸ ನಕ್ಷೆಯನ್ನು ನೋಡಿಯೇ ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ಅದೇ ದಿನ ಅದೇ ಮತದಾರರು ಅಧ್ಯಕ್ಷ ಸ್ಥಾನಕ್ಕೆ ಡೊನಾಲ್ಡ್ ಟ್ರಂಪ್ ಅವರನ್ನು ಸುಮಾರು ಮೂರು ಶೇಕಡಾಂಶದ ಅಂತರದಿಂದಲೂ, ರಾಜ್ಯಪಾಲರ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್ ಅವರನ್ನು ಹದಿನಾಲ್ಕಕ್ಕೂ ಹೆಚ್ಚು ಶೇಕಡಾಂಶದ ಅಂತರದಿಂದಲೂ ಗೆಲ್ಲಿಸಿದರು. ಇಡೀ ರಾಜ್ಯವೇ ಒಂದು ಕ್ಷೇತ್ರವಾದಾಗ ಗೆರೆ ಎಳೆಯಲು ಜಾಗವಿರುವುದಿಲ್ಲ, ಜನರು ಹೀಗೆ ಮನಸ್ಸಿಗೆ ಬಂದಂತೆ ಮತ ಹಾಕಿಬಿಡುತ್ತಾರೆ.

ರಾಜ್ಯಪಾಲರೇ ತಡೆಯಬಹುದಲ್ಲ ಎಂದು ಕೇಳಬಹುದು. ಉತ್ತರ ಕೆರೊಲಿನಾದ ರಾಜ್ಯಪಾಲರಿಗೆ ವೀಟೋ ಅಧಿಕಾರ ಬಂದದ್ದೇ 1996ರ ತಿದ್ದುಪಡಿಯಿಂದ, ದೇಶದಲ್ಲೆಲ್ಲ ಕೊನೆಗೆ. ಕೊಡುವಾಗಲೇ ಶಾಸಕರು ಕ್ಷೇತ್ರ ವಿಂಗಡಣೆಯನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದ್ದರು.

ಹತ್ತು ವರ್ಷಕ್ಕೊಮ್ಮೆ ಮಾಡುವ ಈ ಕಾರ್ಯವನ್ನು ಮನಸ್ಸು ಬಂದಾಗಲೆಲ್ಲ ಮಾಡಬಹುದೆಂಬುದು ಇತ್ತೀಚಿನ ಪ್ರಗತಿ. ಅಧ್ಯಕ್ಷ ಟ್ರಂಪ್ ಅವರ ಒತ್ತಾಸೆಯಿಂದ 2025ರ ಆಗಸ್ಟಿನಲ್ಲಿ ಟೆಕ್ಸಸ್ ತನ್ನ ನಕ್ಷೆಯನ್ನು ತಿದ್ದಿತು. ಅದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾದ ಡೆಮಾಕ್ರಟರು ತಮ್ಮ ಸ್ವತಂತ್ರ ಆಯೋಗದ ನಕ್ಷೆಯನ್ನು ಬದಿಗಿಡಲು ಜನಮತವನ್ನೇ ಪಡೆದರು. ಉತ್ತರ ಕೆರೊಲಿನಾ ಹಿಂದೆ ಬೀಳುವುದುಂಟೆ? ರಾಜ್ಯದ ಈಶಾನ್ಯ ಭಾಗದ 1ನೆಯ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಡಾನ್ ಡೇವಿಸ್ 2024ರಲ್ಲಿ ಕೂದಲೆಳೆಯ ಅಂತರದಿಂದ ಉಳಿದುಕೊಂಡಿದ್ದರು. ನಕ್ಷೆ ಬರೆದವರಿಗೆ ಇದು ಮತದಾರರ ಆಯ್ಕೆಯಾಗಿ ಕಾಣಲಿಲ್ಲ, ಮುದ್ರಣದೋಷವಾಗಿ ಕಂಡಿತು. 2025ರ ಅಕ್ಟೋಬರಿನಲ್ಲಿ 1 ಮತ್ತು 3ನೆಯ ಕ್ಷೇತ್ರಗಳ ನಡುವೆ ಕೆಲವು ಕೌಂಟಿಗಳನ್ನು ಅದಲುಬದಲು ಮಾಡಿ ತಿದ್ದೋಲೆ ಹೊರಡಿಸಲಾಯಿತು. ಅದನ್ನು ಮಂಡಿಸಿದ ಸೆನೆಟರ್ ರಾಲ್ಫ್ ಹೈಸ್ ಅವರು ಇದರ ಉದ್ದೇಶ ಒಂದೇ, ರಿಪಬ್ಲಿಕನ್ ಪಕ್ಷಕ್ಕೆ ಇನ್ನೊಂದು ಸ್ಥಾನ ತರುವುದು ಎಂದು ಪೂರ್ವಸೂರಿಗಳ ಸತ್ಯಸಂಧತೆಯನ್ನು ಎತ್ತಿಹಿಡಿದರು. ಕಪ್ಪು ಜನಾಂಗದ ಮತದಾರರ ಬಲ ಕುಂದಿಸಲಾಗಿದೆ ಎಂದು ವಾದಿಸಿದವರ ಮನವಿಯನ್ನು ನವೆಂಬರಿನಲ್ಲಿ ಫೆಡರಲ್ ಪೀಠ ತಳ್ಳಿಹಾಕಿ, ನಕ್ಷೆಗೆ ತಡೆ ಕೊಡಲು ನಿರಾಕರಿಸಿತು.

ರಾಲಿ ಮತ್ತು ಡರಂ ನಡುವಿನ ರಿಸರ್ಚ್ ಟ್ರಯಾಂಗಲ್ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷ ಆಸಕ್ತಿಯಿರಬೇಕು. ವೀಸಾ, ಗ್ರೀನ್ ಕಾರ್ಡ್ ಎಂದು ವರ್ಷಗಟ್ಟಲೆ ಕಾದು, ಕೊನೆಗೆ ಪೌರತ್ವದ ಪ್ರತಿಜ್ಞೆ ಸ್ವೀಕರಿಸಿ ಪಡೆಯುವ ಹಕ್ಕುಗಳಲ್ಲಿ ಮುಖ್ಯವಾದದ್ದು ಮತದಾನವೇ ಅಲ್ಲವೆ? ಯಾವ ಕ್ಷೇತ್ರದಲ್ಲಿ ಮತ ಹಾಕಬೇಕೆಂಬುದನ್ನು ಮಾತ್ರ ಅವರು ಪ್ರತಿ ಚುನಾವಣೆಗೂ ಮುನ್ನ ಮತ್ತೊಮ್ಮೆ ನೋಡಿಕೊಳ್ಳುವುದು ಒಳಿತು. ಮನೆ ಬದಲಿಸದಿದ್ದರೂ ಕ್ಷೇತ್ರ ಬದಲಾಗಿರುತ್ತದೆ. ಪ್ರತಿನಿಧಿಗಳಿಗೆ ಈ ತೊಂದರೆಯಿಲ್ಲ. ಅಮೆರಿಕದ ಸಂವಿಧಾನದ ಪ್ರಕಾರ ಅವರು ಆ ರಾಜ್ಯದ ನಿವಾಸಿಗಳಾಗಿದ್ದರೆ ಸಾಕು, ತಾವು ಪ್ರತಿನಿಧಿಸುವ ಕ್ಷೇತ್ರದಲ್ಲಿಯೇ ವಾಸಿಸಬೇಕೆಂಬ ಕಟ್ಟುಪಾಡಿಲ್ಲ.

ಹೊಸ ನಕ್ಷೆಯ ಗುರಿ ಹನ್ನೊಂದು ಮತ್ತು ಮೂರು. 2016ರಲ್ಲಿ ಲೂಯಿಸ್ ಅವರಿಗೆ ಅಸಾಧ್ಯವೆನಿಸಿದ್ದ ಹನ್ನೊಂದನೆಯ ಸ್ಥಾನ ಒಂದು ದಶಕದ ಪರಿಶ್ರಮದ ನಂತರ ಕೈಗೆಟುಕುವ ದೂರಕ್ಕೆ ಬಂದಿದೆ. ಉಳಿದ ಮೂರನ್ನು ಎದುರು ಪಕ್ಷಕ್ಕೆ ಔದಾರ್ಯದಿಂದ ಬಿಟ್ಟುಕೊಟ್ಟದ್ದೆಂದು ಭಾವಿಸಬಾರದು. ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟಿರುವ ಆ ಮತದಾರರನ್ನು ಎಲ್ಲಿಯಾದರೂ ಇಡಲೇಬೇಕಲ್ಲ.