‘ಸೈಡ್ ಎಫೆಕ್ಟ್ ಇಲ್ಲ ಸಾರ್’

ಭಾನುವಾರ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಡೆದ ಆರೋಗ್ಯ ಮೇಳದಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ, ಗಾಂಜಾ ಗಿಡದ ಎಲೆಯಿಂದ ತೆಗೆದ ಎಣ್ಣೆಯ ಪುಟ್ಟ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡು, ಮಂಡಿನೋವು, ನಿದ್ರಾಹೀನತೆ, ಸಕ್ಕರೆ ಕಾಯಿಲೆಯಿಂದ ಹಿಡಿದು ಕ್ಯಾನ್ಸರ್‌ವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ‘ಇದರಲ್ಲಿ ಸಿಬಿಡಿ ಇದೆ ಸಾರ್, ಪೂರ್ತಿ ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ ಸಾರ್’ ಎಂದು ಹೇಳುತ್ತಿದ್ದ. ಸಿಬಿಡಿ ಎಂದರೆ ಗಾಂಜಾ ಗಿಡದಲ್ಲಿರುವ ಕ್ಯಾನಬಿಡಯಾಲ್ ಎಂಬ ರಾಸಾಯನಿಕ. ಸುತ್ತ ನಿಂತವರೆಲ್ಲ ಅರವತ್ತು ದಾಟಿದವರು. ಅರ್ಧ ಗಂಟೆ ನಾನೂ ನಿಂತು ಕೇಳಿದೆ. ಅಷ್ಟು ಹೊತ್ತಿನಲ್ಲಿ ಆತ ಒಬ್ಬರನ್ನಾದರೂ ‘ನೀವು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ’ ಎಂದು ಕೇಳಲಿಲ್ಲ.

ಮೂವತ್ತೊಂದು ವರ್ಷ ಔಷಧದ ಅಂಗಡಿಯ ಕೌಂಟರಿನ ಹಿಂದೆ ನಿಂತವನು ನಾನು ಎಂಬುದು ನಿಮಗೆಲ್ಲ ಗೊತ್ತಿದೆ. ಸಿಟ್ಟು ಬಂದರೂ ಸಾರ್ವಜನಿಕ ಸ್ಥಳದಲ್ಲಿ ಗದ್ದಲ ಮಾಡುವ ವಯಸ್ಸಲ್ಲವೆಂದು ಸುಮ್ಮನೆ ಮನೆಗೆ ಬಂದೆ. ನಿನ್ನೆ ಸಂಜೆ ಅಕ್ಕನ ಮನೆಗೆ ಹೋದಾಗ ಆಕೆಯ ಮಾತ್ರೆಗಳ ಸ್ಟೀಲ್ ತಟ್ಟೆಯಲ್ಲಿ ವಾರ್ಫರಿನ್ ಪಟ್ಟಿಯ ಪಕ್ಕದಲ್ಲೇ ಅದೇ ಬಾಟಲಿ ಕುಳಿತಿತ್ತು. ಎರಡು ರಾತ್ರಿ ನಾಲಿಗೆಯ ಕೆಳಗೆ ಐದೈದು ಹನಿ ಬಿಟ್ಟುಕೊಂಡಿದ್ದಳಂತೆ.

ಅಕ್ಕನಿಗೆ ಹೃದಯದಲ್ಲಿ ಲೋಹದ ಕವಾಟವಿದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಬೇಕು. ಆದರೆ ಅದು ಹೆಚ್ಚಾದರೆ ಮೆದುಳಿನಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವವಾಗುವ ಭಯ. ಹಾಗಾಗಿ ರಕ್ತಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಎಂಬ ಅಂಕಿಯನ್ನು 2.5 ಮತ್ತು 3.5ರ ನಡುವೆ ಕಾಯ್ದುಕೊಳ್ಳುವುದೇ ನಮ್ಮ ಮನೆಯ ಹಲವು ವರ್ಷಗಳ ಕೆಲಸ. ಸೊಪ್ಪು ಹೆಚ್ಚಾದರೆ ವಾರ್ಫರಿನ್ ಪ್ರಭಾವ ತಗ್ಗುವುದರಿಂದ, ಸೊಪ್ಪಿನ ಹುಳಿಯನ್ನು ಎಷ್ಟು ಬಡಿಸಬೇಕೆಂದೂ ಲೆಕ್ಕ ಹಾಕುವ ಮನೆ ಅದು. ಆ ಮನೆಯ ತಟ್ಟೆಯೊಳಗೆ ಈ ಬಾಟಲಿ ಯಾರನ್ನೂ ಕೇಳದೆ ಬಂದು ಕುಳಿತಿತ್ತು, ಏಕೆಂದರೆ ಅಕ್ಕನನ್ನೂ ಯಾರೂ ಏನನ್ನೂ ಕೇಳಿರಲಿಲ್ಲ.

ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ 1000 ಮಿ.ಗ್ರಾಂ ಎಂದಿದೆ. ಯಾವುದರ ಸಾವಿರ? ಬಾಟಲಿಯನ್ನು ತಿರುಗಿಸಿದರೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ವಿಜಯಾ ಪತ್ರದ ಸಾರ’ ಎಂದಿದೆ. ವಿಜಯಾ ಪತ್ರ ಎಂದರೆ ಆಯುರ್ವೇದದ ಮಾತಿನಲ್ಲಿ ಭಂಗಿ, ಗಾಂಜಾ ಗಿಡದ ಎಲೆ. ಹಾಗಾಗಿ ಅದು ಎಲೆಯ ಸಾರದ ತೂಕವೇ ಹೊರತು ಸಿಬಿಡಿಯ ತೂಕವಲ್ಲ. ಆ ಸಾರದಲ್ಲಿ ಸಿಬಿಡಿ ಎಷ್ಟು, ಅಮಲೇರಿಸುವ ಟಿಎಚ್‌ಸಿ ಎಷ್ಟು ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಅದರ ಕೆಳಗೆ ಇನ್ನೂ ಸಣ್ಣದಾಗಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ. ಭಂಗಿಯು ನಮ್ಮ ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ, ಅಂದರೆ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಇರುವುದರಿಂದ ಆ ಸಾಲನ್ನು ಅಚ್ಚು ಹಾಕಿಸಲೇಬೇಕು. ಅಚ್ಚು ಹಾಕಿಸಿದ್ದಾರೆ. ಬೆಲೆಯ ಸ್ಟಿಕ್ಕರನ್ನು ಅದರ ಮೇಲೆಯೇ ಅರ್ಧ ಮುಚ್ಚುವಂತೆ ಅಂಟಿಸಿದ್ದೂ ಆಕಸ್ಮಿಕವೆಂದೇ ನಂಬೋಣ.

ನಾನು ಸಿಬಿಡಿಯ ವಿರೋಧಿಯಲ್ಲ. ಈ ವಸ್ತು ಅಮಲೇರಿಸುವುದಿಲ್ಲ, ಚಟ ಹತ್ತಿಸುವ ಗುಣವೂ ಅದರಲ್ಲಿ ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೇ 2018ರಲ್ಲಿ ಹೇಳಿದೆ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಡ್ರಾವೆಟ್ ಮತ್ತು ಲೆನಾಕ್ಸ್-ಗಸ್ಟೊ ಎಂಬ, ಮಕ್ಕಳನ್ನು ಕಾಡುವ ಎರಡು ಘೋರ ಮೂರ್ಛೆರೋಗಗಳಿಗೆ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ಔಷಧಕ್ಕೆ ಒಪ್ಪಿಗೆ ನೀಡಿತು. ದಿನಕ್ಕೆ ಹತ್ತಾರು ಬಾರಿ ಫಿಟ್ಸ್ ಬರುತ್ತಿದ್ದ ಮಗುವಿಗೆ ಅದು ಅರ್ಧಕ್ಕೆ ಇಳಿದರೂ ಆ ತಾಯಿಯ ಪಾಲಿಗೆ ಅದೇನು ಎಂಬುದನ್ನು ಬಲ್ಲೆ. ನಮ್ಮ ಅಂಗಡಿಗೆ ಬರುತ್ತಿದ್ದ ಅಂಥ ತಾಯಂದಿರ ಮುಖ ನನಗೆ ಮರೆತಿಲ್ಲ.

ಆದರೆ ಆ ಔಷಧದ ಲೆಕ್ಕವನ್ನು ನೋಡಿ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿ.ಗ್ರಾಂ ಎಂದರೆ, 20 ಕಿಲೋದ ಮಗುವಿಗೆ 200 ಮಿ.ಗ್ರಾಂ. ಅಕ್ಕನ ಬಾಟಲಿಯಲ್ಲಿರುವ ಸಾವಿರವೂ ಅಪ್ಪಟ ಸಿಬಿಡಿಯೇ ಎಂದು ಉದಾರವಾಗಿ ಒಪ್ಪಿಕೊಂಡರೂ ಆ ಮಗುವಿಗೆ ಅದು ಐದು ದಿನಕ್ಕೆ ಮುಗಿಯುತ್ತದೆ. ಆ ಪ್ರಮಾಣದಲ್ಲಿ ಕೊಡುವಾಗ ವೈದ್ಯರು ಮೊದಲೇ ಲಿವರ್ ಪರೀಕ್ಷೆ ಮಾಡಿಸುತ್ತಾರೆ, ಮಧ್ಯೆ ಮತ್ತೆ ಮಾಡಿಸುತ್ತಾರೆ. ಏಕೆಂದರೆ ಲಿವರಿನ ಕಿಣ್ವಗಳು ಏರುವುದುಂಟು, ಮಗು ಮೂರ್ಛೆರೋಗದ ಇನ್ನೊಂದು ಔಷಧವಾದ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಹೆಚ್ಚು. ಅದೇ ರೋಗದ ಕ್ಲೋಬಜಾಮ್ ಮಾತ್ರೆಯ ಜೊತೆ ಸೇರಿದರೆ ಮಂಪರು ವಿಪರೀತವಾಗುತ್ತದೆ. ಭೇದಿ, ಹಸಿವು ಕುಗ್ಗುವುದು ಬೇರೆ. ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರಿಗೆ ಸಿಬಿಡಿ ಆರಂಭಿಸಿದ ಮೇಲೆ ಐಎನ್‌ಆರ್ ಏರುತ್ತಾ ಹೋಗಿ, ವಾರ್ಫರಿನ್ ಪ್ರಮಾಣವನ್ನು ಸುಮಾರು ಶೇ. 30ರಷ್ಟು ತಗ್ಗಿಸಬೇಕಾಗಿ ಬಂದದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ವಾರ್ಫರಿನ್ ಅನ್ನು ಕರಗಿಸಿ ಹೊರಹಾಕುವ ಲಿವರಿನ ಕಿಣ್ವದ ಕೆಲಸಕ್ಕೇ ಸಿಬಿಡಿ ಅಡ್ಡ ಬರುತ್ತದೆ. ಹೀಗಿರುವಾಗ ಸೈಡ್ ಎಫೆಕ್ಟ್ ಇಲ್ಲ ಎಂಬ ಮಾತಿಗೆ ಎರಡೇ ಅರ್ಥ ಸಾಧ್ಯ. ಬಾಟಲಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಅಥವಾ ಇದೆ ಮತ್ತು ಮಾರುವವನು ಸುಳ್ಳು ಹೇಳುತ್ತಿದ್ದಾನೆ. ಎರಡರಲ್ಲಿ ಯಾವುದಕ್ಕೆ ಅಕ್ಕ 2,800 ರೂಪಾಯಿ ಕೊಟ್ಟಳೆಂದು ನನಗೆ ತಿಳಿಯಬೇಕಿದೆ.

ಮೊದಲನೆಯದರ ಸಾಧ್ಯತೆ ಕಡಿಮೆಯೇನಲ್ಲ. ಅಮೆರಿಕದಲ್ಲಿ ಆನ್‌ಲೈನ್ ಮೂಲಕ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀಟಿಯಲ್ಲಿ ಹೇಳಿದ್ದಕ್ಕೂ ಒಳಗಿದ್ದ ಸಿಬಿಡಿಗೂ ತಾಳೆಯಾದದ್ದು ಹತ್ತಕ್ಕೆ ಮೂರರಲ್ಲಿ ಮಾತ್ರ. ಸುಮಾರು ಕಾಲು ಭಾಗದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇತ್ತು, ಉಳಿದವುಗಳಲ್ಲಿ ಹೆಚ್ಚು. 18ರಲ್ಲಿ ಟಿಎಚ್‌ಸಿಯೂ ಸಿಕ್ಕಿತು. ನಮ್ಮಲ್ಲಿ ಇನ್ನೊಂದು ಗೊಂದಲವೂ ಇದೆ. 2021ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆಹಾರವಾಗಿ ಒಪ್ಪಿದ್ದು ಹೆಂಪ್, ಅಂದರೆ ಗಾಂಜಾ ಗಿಡದ ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟನ್ನು. ಅದರಲ್ಲಿ ಕಿಲೋಗೆ 75 ಮಿ.ಗ್ರಾಂ ಮೀರಿ ಸಿಬಿಡಿ ಇರಕೂಡದು. ಹಾಗಾಗಿ 30 ಮಿ.ಲೀ. ಬೀಜದೆಣ್ಣೆಯಲ್ಲಿ ಹೆಚ್ಚೆಂದರೆ 2 ಮಿ.ಗ್ರಾಂ ಚಿಲ್ಲರೆ. ಒಗ್ಗರಣೆಗೆ ಒಳ್ಳೆಯದಿರಬಹುದು. ಅದನ್ನೇ ಸಿಬಿಡಿ ಎಂದು ನಂಬಿ ಕೊಳ್ಳುವವರನ್ನು ಅದೇ ಮೇಜಿನ ಮುಂದೆ ಕಂಡೆ.

‘ಹೈಕೋರ್ಟೇ ಲೀಗಲ್ ಅಂದಿದೆ ಸಾರ್’ ಎಂಬುದು ಹುಡುಗನ ಎರಡನೆಯ ಮಂತ್ರ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಸಿಬಿಡಿ, ಟಿಎಚ್‌ಸಿ ಎಂದು ರಾಸಾಯನಿಕ ನೋಡಿ ಗಿಡವನ್ನು ಭಾಗ ಮಾಡಿಲ್ಲ. ಗಿಡದ ಅಂಗ ನೋಡಿ ಭಾಗ ಮಾಡಿದೆ. ಹೂವಿನ ತುದಿ ಗಾಂಜಾ, ಅಂಟು ಚರಸ್, ಎರಡೂ ನಿಷಿದ್ಧ. ಹೂವಿನ ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ. ಸಿಬಿಡಿ ಹೇರಳವಾಗಿರುವುದು ಹೂವಿನ ಅಂಟಿನಲ್ಲಿ ಎಂಬುದೇ ತಮಾಷೆ. 2022ರಲ್ಲಿ ಬೆಂಗಳೂರಿನಲ್ಲಿ 29 ಕಿಲೋ ಭಂಗಿಯ ಜೊತೆ ಸಿಕ್ಕಿಬಿದ್ದವನಿಗೆ ಜಾಮೀನು ಕೊಡುವಾಗ ನಮ್ಮ ಹೈಕೋರ್ಟ್, ಭಂಗಿಯನ್ನು ಆ ಕಾಯ್ದೆಯಡಿ ನಿಷೇಧಿಸಿಲ್ಲ ಎಂದು ಹೇಳಿದ್ದು ನಿಜ. ಅದು ಜಾಮೀನಿನ ಆದೇಶ. ಉದ್ಯಾನದಲ್ಲಿ ಮೇಜು ಹಾಕಿ, ಕ್ಯಾನ್ಸರ್ ಗುಣವಾಗುತ್ತದೆ ಎಂದು ಹೃದ್ರೋಗಿಗಳಿಗೆ ಮಾರಲು ಕೊಟ್ಟ ಪರವಾನಗಿ ಅಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು ಔಷಧಗಳ ಆಕ್ಷೇಪಾರ್ಹ ಜಾಹೀರಾತು ಕುರಿತ 1954ರ ಕಾಯ್ದೆಯೇ ತಡೆದಿದೆ. ಅಂದಹಾಗೆ, ಈ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಸಿಂಗಪುರಕ್ಕೋ ದುಬೈಗೋ ಮಕ್ಕಳನ್ನು ನೋಡಲು ಹೊರಡುವವರು ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿ.

ಇಷ್ಟು ಹೇಳಿದರೆ ಕೆಲವರು ‘ನಮ್ಮ ಹಿರಿಯರು ಭಂಗಿ ಕುಡಿಯುತ್ತಿರಲಿಲ್ಲವೇ, ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿ ಪ್ರಸಾದವೆಂದು ಸೇದುವುದಿಲ್ಲವೇ’ ಎಂದು ಕೇಳುತ್ತಾರೆ. ಕುಡಿಯುತ್ತಿದ್ದರು, ಸೇದುತ್ತಿದ್ದಾರೆ. ಅದು ಅಮಲಿನ ಮಾತು, ಧ್ಯಾನದ ಮಾತು. ಅದನ್ನು ಯಾರೂ ಸೈಡ್ ಎಫೆಕ್ಟ್ ಇಲ್ಲದ ಔಷಧವೆಂದು ಬಾಟಲಿಗೆ ತುಂಬಿರಲಿಲ್ಲ. ಆ ಹಿರಿಯರ ಎದೆಯಲ್ಲಿ ಲೋಹದ ಕವಾಟವೂ ಇರಲಿಲ್ಲ.

ಇನ್ನು ನನ್ನ ಸಿಟ್ಟಿನ ಅಸಲಿ ಕಾರಣವನ್ನು ಹೇಳಿಬಿಡುತ್ತೇನೆ. ಆ ಹುಡುಗನ ಬಾಯಲ್ಲಿ ಕೇಳಿದ್ದು ನನ್ನದೇ ಮಾತು. ಅಂಗಡಿ ಇಟ್ಟ ಹೊಸದರಲ್ಲಿ, ಲಿವರ್ ಟಾನಿಕ್, ಶಕ್ತಿವರ್ಧಕ ಪುಡಿ, ಕೀಲುನೋವಿನ ಗಿಡಮೂಲಿಕೆ ಕ್ಯಾಪ್ಸೂಲ್‌ಗಳನ್ನು ‘ಆಯುರ್ವೇದಿಕ್, ಸೈಡ್ ಎಫೆಕ್ಟ್ ಇಲ್ಲ’ ಎಂದು ಹೇಳಿ ನಾನೂ ಮಾರಿದ್ದೇನೆ. ಕಮಿಷನ್ ಚೆನ್ನಾಗಿತ್ತು. ಬೇರೆ ಮಾತ್ರೆ ಯಾವುದು ಎಂದು ಕೇಳಿದರೆ ಗಿರಾಕಿಗೆ ಅನುಮಾನ ಹುಟ್ಟುತ್ತದೆ, ವ್ಯಾಪಾರ ತಪ್ಪುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಕ್ಕನಿಗೆ ಕವಾಟ ಹಾಕಿದ ವರ್ಷದಿಂದ ಆ ಪ್ರಶ್ನೆಯನ್ನು ಕೇಳಲು ಶುರು ಮಾಡಿದೆ. ಅದಕ್ಕೆ ಮೊದಲು ಎಷ್ಟು ಜನರನ್ನು ಕೇಳದೆ ಕಳಿಸಿದೆನೋ ಲೆಕ್ಕವಿಲ್ಲ.

ಬಾಟಲಿಗೆ ವೈದ್ಯರ ಚೀಟಿ ಬೇಕಲ್ಲವೇ ಎಂದು ಅಕ್ಕನನ್ನು ಕೇಳಿದೆ. ‘ಡಾಕ್ಟರೇ ವಿಡಿಯೊದಲ್ಲಿ ಮಾತಾಡಿದ್ರು ಕಣೋ, ಆ ಹುಡುಗನ ಫೋನಿನಲ್ಲೇ’ ಎಂದಳು. ಏನು ಕೇಳಿದರು ಎಂದರೆ, ವಯಸ್ಸೆಷ್ಟು, ನೋವು ಎಲ್ಲಿ, ಎರಡೇ ಪ್ರಶ್ನೆಯಂತೆ. ರಾತ್ರಿಯೇ ಹೃದ್ರೋಗ ವೈದ್ಯರಿಗೆ ಕರೆ ಮಾಡಿದೆ. ಹನಿ ನಿಲ್ಲಿಸಿ, ನಾಳೆ ಬೆಳಿಗ್ಗೆಯೇ ರಕ್ತ ಕೊಡಿಸಿ ಎಂದರು. ಬಾಟಲಿಯನ್ನು ನಾನು ಎತ್ತಿಕೊಂಡು ಬಂದಿದ್ದೇನೆ. ‘ನಿನ್ನ ಅಂಗಡಿಯ ಮಾತ್ರೆ ನುಂಗಿದರೆ ಸರಿ, ಬೇರೆಯವರದ್ದು ನುಂಗಿದರೆ ತಪ್ಪು’ ಎಂದು ಅಕ್ಕ ಮಾತು ಬಿಟ್ಟಿದ್ದಾಳೆ. ಇವತ್ತು ಲ್ಯಾಬಿಗೆ ಆಟೋ ಮಾಡಿಕೊಂಡು ಒಬ್ಬಳೇ ಹೋಗಿ ಬಂದಳಂತೆ. ಐಎನ್‌ಆರ್ ಎಷ್ಟು ಬಂತೆಂದು ತಿಳಿಯಲು ಸಂಜೆ ಆಕೆಯ ಮಗಳಿಗೆ ಫೋನ್ ಮಾಡಬೇಕು.