ಅವರು ಟೀಮ್ ಅಲ್ಲ ಸಾರ್

ಮೊನ್ನೆ ಶನಿವಾರ ಮೇಷ್ಟ್ರುಗಳಿಗೆಲ್ಲ ಒಂದು ತರಬೇತಿ ಇತ್ತು. ಎಲ್ಲಿ, ಯಾರು ನಡೆಸಿದ್ದು ಅಂತ ಕೇಳಬೇಡಿ, ನನಗೆ ಇನ್ನೂ ನೌಕರಿ ಬೇಕು. ಬೆಳಿಗ್ಗೆಯಿಂದ ಚಪ್ಪಾಳೆ ತಟ್ಟಿಸಿದ್ದಾಯ್ತು, ಬಲೂನು ಊದಿಸಿದ್ದಾಯ್ತು. ಡ್ರಾಯಿಂಗ್ ಮೇಷ್ಟ್ರು ಅಂದ್ರೆ ಬಲೂನು ಕಟ್ಟೋಕೆ ಮೊದಲ ಹೆಸರು, ಅದು ನಿಮಗೂ ಗೊತ್ತು. ಅದನ್ನೂ ಸಹಿಸಿದೆ. ಊಟಕ್ಕೆ ಮುಂಚೆ ಒಂದು ಸ್ಲೈಡು ಬಂತು ನೋಡಿ. ಚಿತ್ರಕಾರ ಇಲ್ಯಾ ರೆಪಿನ್‌ನ ‘ವೋಲ್ಗಾ ದಡದಲ್ಲಿ ದೋಣಿ ಎಳೆಯುವವರು’. ಅದರ ನೆತ್ತಿಯ ಮೇಲೆ ಹಳದಿ ಅಕ್ಷರದಲ್ಲಿ ‘ಟೀಮ್ ವರ್ಕ್’. ಕೆಳಗೆ, ಒಟ್ಟಾಗಿ ಎಳೆದರೆ ಯಾವ ಭಾರವೂ ಭಾರವಲ್ಲ.

ನನಗೆ ಮೈ ಉರಿದುಹೋಯ್ತು.

ಕೈ ಎತ್ತಿ ತರಬೇತಿ ಕೊಡ್ತಿದ್ದವರನ್ನು ಕೇಳಿದೆ. ಸಾರ್, ಇವರು ಯಾರು ಗೊತ್ತಾ? “ರಷ್ಯನ್ ಫಿಶರ್‌ಮೆನ್ ಸಾರ್” ಅಂದರು. ಅಲ್ಲ ಸಾರ್, ಇವರು ಕುದುರೆ ಬದಲಿಗೆ ಕಟ್ಟಿದ ಮನುಷ್ಯರು ಅಂದೆ. “ಸಾರ್, ಪಾಸಿಟಿವ್ ಆಗಿ ನೋಡಿ” ಅಂತ ಮುಂದಿನ ಸ್ಲೈಡಿಗೆ ಹೋದರು. ಅದರಲ್ಲಿ ಇರುವೆ ಸಾಲು ಇತ್ತು.

ಸರಿ, ಅಲ್ಲಿ ಹೇಳೋಕೆ ಬಿಡದಿದ್ದದ್ದನ್ನು ಇಲ್ಲಿ ಹೇಳ್ತೀನಿ.

ಆ ಚಿತ್ರದಲ್ಲಿ ಹನ್ನೊಂದು ಜನ ಇದ್ದಾರೆ. ರಷ್ಯದಲ್ಲಿ ಅವರಿಗೆ ಬುರ್ಲಾಕ್ ಅಂತಿದ್ದರು. ಹೊಳೆಯ ಹರಿವಿಗೆ ಎದುರಾಗಿ ಸರಕು ದೋಣಿಯನ್ನು ದಡದ ಮೇಲಿಂದ ಎಳೆಯೋದು ಅವರ ಕೆಲಸ. ದೋಣಿಯ ಕಂಬಕ್ಕೆ ಕಟ್ಟಿದ ಉದ್ದದ ಹಗ್ಗ, ಅದಕ್ಕೆ ಒಬ್ಬೊಬ್ಬರ ಎದೆಗೂ ಅಗಲದ ಪಟ್ಟಿ. ಎದೆಯನ್ನು ಪಟ್ಟಿಗೆ ಒತ್ತಿ, ಮೈ ಪೂರ್ತಿ ಮುಂದಕ್ಕೆ ಬಾಗಿಸಿ, ಮರಳಿನಲ್ಲಿ ಕಾಲು ಹೂತುಕೊಂಡು ನಡೀಬೇಕು. ಹಗ್ಗದ ಮುಂದಿನ ತುದಿಯಲ್ಲಿ ಅನುಭವ ಇರುವವನು, ಅವನ ಹೆಜ್ಜೆಗೆ ಮಿಕ್ಕವರ ಹೆಜ್ಜೆ. ಹೊಳೆಯ ಮಂಜುಗಡ್ಡೆ ಕರಗಿದಾಗ ಶುರುವಾದರೆ ಚಳಿ ಬರೋವರೆಗೂ ಇದೇ ಕೆಲಸ. ಟೀಮ್ ಅಂತೆ!

ಈ ಚಿತ್ರ ಮೊದಲು ಹೀಗಿರಲಿಲ್ಲ. ರೆಪಿನ್ ಹುಟ್ಟಿದ್ದು 1844ರಲ್ಲಿ, ಖಾರ್ಕೋವ್ ಹತ್ತಿರದ ಚುಗುಯೆವ್‌ನಲ್ಲಿ. ಆ ಊರು ಈಗ ಉಕ್ರೇನಿನಲ್ಲಿದೆ. ಹಾಗಾಗಿ ಅವನು ಯಾರವನು ಅಂತ ಈಗ ದೊಡ್ಡ ಜಗಳ, ನಾನು ಅದಕ್ಕೆ ಕೈ ಹಾಕಲ್ಲ. ಅಪ್ಪ ಸೈನಿಕ, ಕುದುರೆ ವ್ಯಾಪಾರ ಬೇರೆ. ಹುಡುಗ ಹದಿಹರೆಯದಲ್ಲೇ ಚರ್ಚುಗಳಿಗೆ ದೇವರ ಪಟ ಬರೆದು ದುಡ್ಡು ಕೂಡಿಸಿ ಪೀಟರ್ಸ್‌ಬರ್ಗಿಗೆ ಬಂದ. ಅಲ್ಲಿ ಅಕಾಡೆಮಿಯಲ್ಲಿ ಕಲಿಯುವಾಗ, 1868ರಲ್ಲಿ, ನೇವಾ ಹೊಳೆಯ ದಡದಲ್ಲಿ ಬುರ್ಲಾಕರನ್ನು ಮೊದಲು ಕಂಡ. ಅದೇ ದಡದಲ್ಲಿ ಪಿಕ್ನಿಕ್‌ಗೆ ಬಂದ ಶ್ರೀಮಂತರು, ಬಣ್ಣಬಣ್ಣದ ಛತ್ರಿ ಹಿಡಿದ ಹೆಂಗಸರು. ಒಂದು ಕಡೆ ಛತ್ರಿ, ಇನ್ನೊಂದು ಕಡೆ ಚಿಂದಿ. ಹಾಗೇ ಬರೆಯೋಣ ಅಂತ ಹೊರಟ. ಗೆಳೆಯ ಫ್ಯೋದರ್ ವಸಿಲ್ಯೆವ್, ಇನ್ನೂ ಇಪ್ಪತ್ತು ತುಂಬದ ಹುಡುಗ, ಬೇಡ ಅಂದ. ಆ ಛತ್ರಿಗಳನ್ನು ತೆಗಿ, ಅದು ಉಪದೇಶ ಆಗುತ್ತೆ, ವೋಲ್ಗಾಕ್ಕೆ ಹೋಗಿ ಅವರನ್ನೇ ನೋಡು ಅನ್ನೋ ಅರ್ಥದ ಮಾತು ಹೇಳಿದ. ಆ ವಯಸ್ಸಿಗೆ ಇಷ್ಟು ಬುದ್ಧಿ! ನನಗೆ ಈ ವಸಿಲ್ಯೆವ್ ಮೇಲೆ ಹೊಟ್ಟೆಕಿಚ್ಚು. 1873ರಲ್ಲಿ, ಇಪ್ಪತ್ಮೂರಕ್ಕೇ ತೀರಿಕೊಂಡ ಪಾಪ.

1870ರ ಬೇಸಿಗೆಯಲ್ಲಿ ರೆಪಿನ್ ಗೆಳೆಯರ ಜೊತೆ ಸಮಾರಾ ಹತ್ತಿರದ ಶಿರ್ಯಾಯೆವೊ ಹಳ್ಳಿಗೆ ಹೋಗಿ ಉಳಿದ. ಅಲ್ಲಿ ಕಾನಿನ್ ಸಿಕ್ಕ. ಚಿತ್ರದಲ್ಲಿ ಎಲ್ಲರಿಗಿಂತ ಮುಂದೆ, ತಲೆಗೆ ಬಟ್ಟೆ ಸುತ್ತಿಕೊಂಡು ಬರುವವನು ಅವನೇ. ಮೊದಲು ಪಾದ್ರಿಯಾಗಿದ್ದ, ಆ ಪದವಿ ಹೋಗಿ ಈ ಹಗ್ಗಕ್ಕೆ ಬಂದಿದ್ದ. ರೆಪಿನ್ ಅವನ ಹಿಂದೆ ಹುಚ್ಚನ ಹಾಗೆ ಅಲೆದ. ಗುಲಾಮನಾಗಿ ಮಾರಾಟವಾದ ಹಳೇ ಕಾಲದ ಗ್ರೀಕ್ ತತ್ವಜ್ಞಾನಿ ಹಾಗೆ ಕಂಡನಂತೆ. ಮಧ್ಯದಲ್ಲಿರೋ ಹುಡುಗನ ಹೆಸರು ಲಾರ್ಕಾ. ಎಲ್ಲರೂ ಬಾಗಿದಾಗ ಅವನೊಬ್ಬ ನೆಟ್ಟಗಿದ್ದಾನೆ. ಪಟ್ಟಿಗೆ ಕೈ ಹಾಕಿದ್ದಾನೆ, ಇನ್ನೂ ಅದು ಮೈಗೆ ಒಗ್ಗಿಲ್ಲ. ಉದ್ದನೆಯ ಒಬ್ಬ ಬಾಯಲ್ಲಿ ಪೈಪು ಕಚ್ಚಿಕೊಂಡಿದ್ದಾನೆ, ಎಳೀತಿದ್ದಾನೋ ಇಲ್ಲವೋ ಅನುಮಾನ. ಒಬ್ಬ ನೇರ ನಮ್ಮನ್ನೇ ದುರುಗುಟ್ಟಿ ನೋಡ್ತಾನೆ. ಕೊನೆಯವನು ತಲೆ ತಗ್ಗಿಸಿ ಬೀಳೋ ಹಾಗಿದ್ದಾನೆ. ಹನ್ನೊಂದು ಜನ, ಹನ್ನೊಂದು ಥರ. ಮೂರು ವರ್ಷ ತಗೊಂಡು, 1873ರವರೆಗೆ ತಿದ್ದಿ ತಿದ್ದಿ, ಒಬ್ಬೊಬ್ಬನನ್ನೂ ಬೇರೆ ಮಾಡಿದ. ಒಟ್ಟಿಗೆ ಎಳೀತಾರೆ ನಿಜ, ಒಟ್ಟಿಗೆ ಒಬ್ಬರೂ ಇಲ್ಲ. ಅದನ್ನೇ ತಂದು ಇರುವೆ ಸಾಲಿನ ಪಕ್ಕ ಇಟ್ಟರಲ್ಲ, ಅದಕ್ಕೇ ನನ್ನ ಸಂಕಟ.

ಹಿಂದೆ ದೂರದಲ್ಲಿ ಒಂದು ಪುಟ್ಟ ಉಗಿ ದೋಣಿ ಕೂಡ ಇದೆ, ಹುಡುಕಿ ನೋಡಿ. ಅಂದ್ರೆ ಈ ಕೆಲಸಕ್ಕೆ ಯಂತ್ರ ಆಗಲೇ ಬಂದಿತ್ತು. ಆದರೂ ಮನುಷ್ಯ ಅಗ್ಗ.

ಒಬ್ಬ ಗೆಳೆಯ ಫೋನ್ ಮಾಡಿದ್ದ. “ಚಿತ್ರ ಅಂದ್ಮೇಲೆ ಯಾರು ಹೇಗೆ ಬೇಕಾದ್ರೂ ನೋಡಬಹುದಲ್ವಾ, ನೀನ್ಯಾಕೆ ಗುತ್ತಿಗೆ ತಗೊಂಡಿದ್ದೀಯ?” ಅಂದ. ನೋಡಬಹುದಪ್ಪ. ನೋಡಿದ್ರೆ ತಾನೇ! ಹನ್ನೊಂದು ಮುಖ ನೋಡಿದವನ ಕೈ ‘ಟೀಮ್ ವರ್ಕ್’ ಅಂತ ಟೈಪ್ ಮಾಡಲ್ಲ. ಹೀಗೇ ಆದರೆ ನಾಳೆ ಲೀಡರ್‌ಶಿಪ್ ಸ್ಲೈಡಿಗೆ ಇದೇ ರೆಪಿನ್ 1885ರಲ್ಲಿ ಮುಗಿಸಿದ ಇನ್ನೊಂದು ಚಿತ್ರ ಹಾಕ್ತಾರೆ. ಮಗನನ್ನು ತಾನೇ ಹೊಡೆದು, ರಕ್ತ ಸುರಿಯೋ ತಲೆ ಹಿಡಿದು ಕೂತ ರಷ್ಯದ ಇವಾನ್ ದೊರೆ. ‘ಫ್ಯಾಮಿಲಿ ಬಾಂಡಿಂಗ್’ ಅಂತಲೂ ಹಾಕಬಹುದು.

ಗೋಳಿನ ಪಕ್ಷದವರೂ ಇದ್ದಾರೆ, ಅವರನ್ನೂ ಬಿಡಲ್ಲ. ಅಯ್ಯೋ ಬಡವರು, ಅಯ್ಯೋ ಶೋಷಣೆ, ಕಣ್ಣೀರಿನ ಎಮೋಜಿ. 1873ರಲ್ಲೇ ಕಾದಂಬರಿಕಾರ ದಸ್ತಯೆವ್‌ಸ್ಕಿ ಈ ಚಿತ್ರ ನೋಡಿ ಬರೆದಿದ್ದ. ಬೋಧನೆ ಇರುತ್ತೇನೋ ಅಂತ ಹೆದರಿ ಹೋಗಿದ್ದನಂತೆ. ನೋಡಿದರೆ ಒಬ್ಬನೂ ‘ನೋಡಿ ನಾನೆಷ್ಟು ದುಃಖಿ, ನನ್ನ ಋಣ ನಿಮ್ಮ ಮೇಲೆಷ್ಟಿದೆ’ ಅಂತ ಕೂಗ್ತಿಲ್ಲ, ಅದೇ ಅವನಿಗೆ ಸಮಾಧಾನ ತಂತು. ಸರಿಯಾಗೇ ಕಂಡಿದ್ದಾನೆ. ಕಾನಿನ್ ಮುಖದಲ್ಲಿ ಕನಿಕರ ಕೇಳೋ ಒಂದು ಗೆರೆಯೂ ಇಲ್ಲ.

ನಮ್ಮಪ್ಪ ದಾವಣಗೆರೆ ಯಾರ್ಡಿನಲ್ಲಿ ಹಮಾಲಿ ಅನ್ನೋದು ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಮೆಕ್ಕೆಜೋಳದ ಮೂಟೆ ಹೊತ್ತ ಬೆನ್ನು. ಆರ್ಟ್ ಸ್ಕೂಲಿನಲ್ಲಿದ್ದಾಗ ಆ ಬೆನ್ನು ಬರೀಬೇಕು ಅಂತ ನನಗೆ ಆಸೆ. ಕೊಕ್ಕೆ ಹಿಡಿದು, ಹೆಗಲ ಮೇಲೆ ಗೋಣಿತಾಟು ಹಾಕಿಕೊಂಡು ನಿಲ್ಲಪ್ಪ ಅಂದೆ. “ತಡಿಯಲೇ, ಅಂಗಿ ಬದಲಿಸ್ಕೊಂಡು ಬರ್ತೀನಿ” ಅಂದ. ಮದುವೆಗೆ ಹಾಕೋ ಬಿಳಿ ಅಂಗಿ, ತಲೆಗೆ ಎಣ್ಣೆ, ಕುರ್ಚಿ ಮೇಲೆ ನೆಟ್ಟಗೆ ಕೂತ. ಎಷ್ಟು ಬೇಡಿದರೂ ಗೋಣಿತಾಟು ಹಾಕಲಿಲ್ಲ. ಆ ಸಿಟ್ಟು ನನಗೆ ಬಹಳ ದಿನ ಇತ್ತು. ಈಗ ಅಪ್ಪ ಇಲ್ಲ, ಬಿಳಿ ಅಂಗಿಯ ಚಿತ್ರ ಮನೆಯಲ್ಲಿದೆ. ಚಿತ್ರ ಸುಮಾರಾಗಿದೆ, ಅಂಗಿ ಚೆನ್ನಾಗಿದೆ. ಯಾರಾದರೂ ಆ ಬೆನ್ನಿನ ಮೇಲೆ ಹಳದಿ ಅಕ್ಷರದಲ್ಲಿ ಬರೆದಿದ್ರೆ ನಾನು ಏನು ಮಾಡ್ತಿದ್ದೆನೋ.

ಇರಲಿ. ಇನ್ನೊಂದು ವಿಷಯ ಕೇಳಿ, ನಗು ಬರುತ್ತೆ. ಈ ಚಿತ್ರವನ್ನು ಕೊಂಡುಕೊಂಡಿದ್ದು ಯಾರು ಗೊತ್ತಾ? ತ್ಸಾರ್, ಅಂದ್ರೆ ರಷ್ಯದ ಚಕ್ರವರ್ತಿಯ ಮಗ, ಗ್ರಾಂಡ್ ಡ್ಯೂಕ್ ವ್ಲಾದಿಮಿರ್. ಎಲ್ಲಿ ನೇತು ಹಾಕಿದ? ಬಿಲಿಯರ್ಡ್ಸ್ ಆಡೋ ಕೋಣೆಯಲ್ಲಿ. ಹನ್ನೊಂದು ಜನ ಎದೆ ಒಡೆಯೋ ಹಾಗೆ ಎಳೀತಿದ್ದಾರೆ, ಎದುರಿಗೆ ದೊರೆಮಗ ಕೋಲು ಹಿಡಿದು ಚೆಂಡು ತಳ್ತಿದ್ದಾನೆ. ಒಬ್ಬ ಮಂತ್ರಿಯಂತೂ ರೆಪಿನ್‌ನನ್ನು ತರಾಟೆಗೆ ತಗೊಂಡ. ಈ ಓಬೀರಾಯನ ಕಾಲದ ಸಾಗಾಣಿಕೆಯನ್ನು ನಾನು ಹೆಚ್ಚೂಕಮ್ಮಿ ಇಲ್ಲದ ಹಾಗೆ ಮಾಡಿದ್ದೀನಿ, ನೀನು ಅದನ್ನೇ ಬರೆದು ಯುರೋಪಿಗೆಲ್ಲ ತೋರಿಸ್ತೀಯಾ ಅಂತ. ದೇಶದ ಮರ್ಯಾದೆ ಹೋಗುತ್ತಂತೆ! ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಆದರೂ ಡ್ಯೂಕ್ ಪರವಾಗಿ ಒಂದು ಮಾತು ಹೇಳ್ತೀನಿ. ಅವನು ಆ ಚಿತ್ರದ ಮೇಲೆ ಏನೂ ಬರೆಸಲಿಲ್ಲ. ಈಗ ಅದು ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಂನಲ್ಲಿದೆ. ಹೆಚ್ಚೂಕಮ್ಮಿ 2.8 ಮೀಟರ್ ಅಗಲ. ಅಷ್ಟು ದೊಡ್ಡದರ ಮುಂದೆ ನಿಂತರೆ ಅವರು ನಮ್ಮ ಮೇಲೇ ನಡೆದು ಬರಬೇಕು. ನಾನು ನೋಡಿರೋದು ಅಚ್ಚಿನಲ್ಲಿ ಮಾತ್ರ.

ಈಗ ಇನ್ಯಾರಾದರೂ ಹೇಳ್ತೀರಿ, ಬುರ್ಲಾಕರನ್ನು ಬರೆದು ರೆಪಿನ್ ದುಡ್ಡು ಮಾಡಲಿಲ್ವಾ? ಮಾಡಿದ. ಮುಂದೆ ‘ಝಪೊರೋಝಿಯನ್ ಕೊಸಾಕರು’ ಚಿತ್ರಕ್ಕೆ ತ್ಸಾರ್ 35,000 ರೂಬಲ್ ಕೊಟ್ಟ. ಪೀಟರ್ಸ್‌ಬರ್ಗ್ ಹತ್ತಿರದ ಕುವೊಕ್ಕಾಲಾದಲ್ಲಿ ದೊಡ್ಡ ಮನೆ ಇತ್ತು. ಜೊತೆಗಾತಿ ನತಾಲ್ಯಾ ನೋರ್ದ್‌ಮನ್ ಅಲ್ಲಿ ಅತಿಥಿಗಳಿಗೆ ಒಣಹುಲ್ಲಿನ ಸೂಪು ಬಡಿಸ್ತಿದ್ದಳು, ಅದು ಬೇರೆ ಕಥೆ. ಫಿನ್ಲೆಂಡ್ ಸ್ವತಂತ್ರವಾಗಿ ಆ ಜಾಗ ರಷ್ಯದಿಂದ ಹೊರಗುಳಿದ ಮೇಲೆ ಸೋವಿಯತ್‌ನವರು ಕರೆದರೂ ವಾಪಸ್ ಹೋಗದೆ 1930ರಲ್ಲಿ ಅಲ್ಲೇ ಸತ್ತ. ಸಂತ ಅಂತ ನಾನೆಲ್ಲೂ ಹೇಳಿಲ್ಲ. ದುಡ್ಡಿನ ಲೆಕ್ಕ ಕಾನಿನ್ ಬಂದು ಕೇಳಿದರೆ ರೆಪಿನ್ ಉತ್ತರ ಕೊಡಬೇಕಾಗ್ತಿತ್ತು. ಆದರೆ ಇಷ್ಟಂತೂ ಮಾಡಿದ: ವೋಲ್ಗಾದ ನೆನಪು ಬರೆಯೋಕೆ ಕೂತಾಗ ಡ್ಯೂಕ್‌ನ ಬಗ್ಗೆ ಸ್ವಲ್ಪ, ಕಾನಿನ್ ಬಗ್ಗೆ ಪುಟಗಟ್ಟಲೆ ಬರೆದ. ಸಾಲದು ಅನ್ನೋರು ಅನ್ನಲಿ.