ಲಡಾಖಿಗೆ ಹೊರಟ ಸಫಾರಿ ಸೂಟು

‘ಸಾಮಾನು ಆದಷ್ಟು ಕಮ್ಮಿ ಇರಲಿ’ ಅಂತ ಶುರುವಾಗುವ ಪಟ್ಟಿ ಎರಡು ಪುಟ ಇದ್ದರೆ ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ. ಲಡಾಖಿನ ಹಳ್ಳಿ ಶಾಲೆಯೊಂದಕ್ಕೆ ಬಣ್ಣ ಹೊಡೆದು, ಮಕ್ಕಳಿಗೆ ಒಂದಿಷ್ಟು ಲೆಕ್ಕ ಹೇಳಿಕೊಟ್ಟು ಬರೋಣ ಅಂತ ಹೆಸರು ಕೊಟ್ಟಿದ್ದೆ. ಪಟ್ಟಿ ನೋಡಿದರೆ ದಂಡೆತ್ತಿ ಹೋಗುವ ಹಾಗಿದೆ. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು. ಹತ್ತಿ ಬೇಡವೇ ಬೇಡ, ಬೆವರು ಹೀರಿ ಒದ್ದೆಯಾಗೇ ಇದ್ದು ಚಳಿ ಹತ್ತಿಸುತ್ತದಂತೆ. ಒಪ್ಪಿದೆ. ಮುಂದಿನ ಪುಟದಲ್ಲಿ ‘ತೆಳು ಹತ್ತಿ ಅಂಗಿ, ಮೂರು’!

ಕಾರಣ ಇಲ್ಲದೇ ಇಲ್ಲ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿನ ತೆಳು, ಒಣ ಗಾಳಿಗೆ ಬಿಸಿಲು ತಡೆಯುವುದೂ ಗೊತ್ತಿಲ್ಲ, ಶಾಖ ಹಿಡಿದಿಟ್ಟುಕೊಳ್ಳುವುದೂ ಗೊತ್ತಿಲ್ಲ. ಜೂನ್ ಬಿಸಿಲಿಗೆ ನಿಂತರೆ ಮೂಗು ಸುಡುತ್ತದೆ, ಗೋಡೆಯ ನೆರಳಿಗೆ ಸರಿದರೆ ಸ್ವೆಟರ್ ಹುಡುಕಬೇಕು. ಆದರೆ ರೇನ್‌ಕೋಟು ಯಾಕೆ ಸ್ವಾಮಿ? ಅಲ್ಲಿ ವರ್ಷಕ್ಕೆ ಬೀಳುವುದೇ 100 ಮಿಲಿಮೀಟರ್ ಆಸುಪಾಸು. ಜುಲೈನಲ್ಲಿ ಆಗುಂಬೆಗೆ ಅದು ಒಂದು ದಿನದ ಕೆಲಸ.

ಇಷ್ಟನ್ನೂ ವಿಮಾನದವರು ಕೊಡುವ 15 ಕಿಲೋದಲ್ಲಿ ಹಿಡಿಸುವುದರಲ್ಲಿ ಇಡೀ ಜೀವನಕ್ಕೇ ಅನ್ವಯಿಸುವ ಒಂದು ಗುಟ್ಟಿದೆ. ಹೇಳುತ್ತೇನೆ. ಮೊದಲು ಮೇಲಿನ ಮನೆ ರಾಯರ ಸಫಾರಿ ಸೂಟಿನ ವಿಷಯ ಮುಗಿಸಿಬಿಡುತ್ತೇನೆ.

ನಾನು ‘ಸೇವೆಗೆ’ ಹೊರಟ ಸುದ್ದಿ ಹಬ್ಬಿದ್ದೇ ತಡ, ಅಕ್ಕಪಕ್ಕದವರ ಬೀರುಗಳು ಬಾಗಿಲು ತೆರೆದವು. ‘ಪಾಪ, ಅಲ್ಲಿ ಚಳಿ ಅಲ್ವಾ, ಯಾರಿಗಾದ್ರೂ ಕೊಡಿ’ ಅಂತ ಒಬ್ಬರು ಒಂಟಿ ಕೈಗವಸು ತಂದರು. ಇನ್ನೊಬ್ಬರು ಮೊಮ್ಮಗನ ಫ್ಯಾನ್ಸಿ ಡ್ರೆಸ್ಸಿನ ಕರಡಿ ವೇಷ. ರಾಯರು ಮಾತ್ರ ಬರಿಗೈಲಿ ಬಂದು, ಕಾಫಿ ಕುಡಿದು, ಆಮೇಲೆ ಮೇಲೆ ಹೋಗಿ ಹ್ಯಾಂಗರ್ ಸಮೇತ ತಂದರು. ತಿಳಿ ಕಂದು ಟೆರಿಕಾಟ್. ನಾಲ್ಕು ಜೇಬು, ಎದೆಯ ಜೇಬಿನ ತಳದಲ್ಲಿ ನೀಲಿ ಇಂಕಿನ ಕಲೆ, ಕೂತಲ್ಲಿ ಕನ್ನಡಿ ಥರ ಹೊಳೆಯುವ ಪ್ಯಾಂಟು. ನುಸಿಗುಳಿಗೆ ವಾಸನೆಗೆ ನಮ್ಮ ಬೆಕ್ಕು ಎದ್ದು ಹೋಯಿತು.

‘ನೋಡಮ್ಮ, ಮ್ಯಾನೇಜರ್ ಆದಾಗ ಹೊಲಿಸಿದ್ದು. ಚಿಕ್ಕಪೇಟೆ ಬಟ್ಟೆ. ಇದನ್ನ ಹಾಕ್ಕೊಂಡು ಹೋದ ದಿನ ಒಂದು ಸಾಲವೂ ವಸೂಲಾಗದೆ ಉಳಿದಿಲ್ಲ.’

‘ಅರ್ಧ ತೋಳು ಅಲ್ವಾ ರಾಯರೇ?’

‘ಒಳಗೆ ಏನಾದ್ರೂ ಹಾಕ್ಕೋತಾರೆ. ಯಾರು ತಗೊಂಡ್ರು ಅಂತ ಒಂದು ಫೋಟೊ ಕಳಿಸು.’

ಗೆದ್ದಲು ಹಿಡಿಯದ್ದನ್ನೆಲ್ಲ ಬೆಟ್ಟದ ಮೇಲಿನವರಿಗೆ ದಾನ ಮಾಡುವ ಈ ಚಾಳಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಚಳಿ ಹೇಗೆ ತಡೆಯಬೇಕು ಅಂತ ಅವರಿಗೆ ನಾವು ಹೇಳಿಕೊಡಬೇಕೇ? ಅದೇ ಲಡಾಖಿನ ಚಾಂಗ್‌ತಾಂಗಿನಲ್ಲಿ ಚಾಂಗ್ಪಾ ಜನ ಸಾಕುವ ಮೇಕೆಯ ಒಳತುಪ್ಪಳವೇ ಪಶ್ಮೀನಾ. ಅದರ ಶಾಲಿನ ಬೆಲೆ ಕೇಳಿ ನಾವು ಅಂಗಡಿಯಿಂದ ಹೊರಗೆ ಬರುತ್ತೇವೆ. ಅಲ್ಲಿನ ಹಿರಿಯರು ಉಣ್ಣೆಯ ಉದ್ದನೆಯ ಗೊಂಚಾ ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು ಆರಾಮಾಗಿ ಓಡಾಡುತ್ತಾರೆ. ಅವರ ಮುಂದೆ ನಾನು ಟೆರಿಕಾಟ್ ಹಿಡಿದು ನಿಲ್ಲಬೇಕಂತೆ. ಇದನ್ನು ರಾಯರಿಗೆ ಹೇಳಬೇಕು ಅಂತ ಬಾಯಿ ತೆರೆದೆ. ಅವರು ಕಾಲರ್ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಿದ್ದರು. ಸುಮ್ನಾದೆ.

ಈಗ ತೂಕ 17 ಕಿಲೋ. ಫ್ಲೀಸ್ ತೆಗೆದೆ, ರೇನ್‌ಕೋಟು ತೆಗೆದೆ, ಒಂದು ಜೊತೆ ಉಣ್ಣೆ ಕಾಲುಚೀಲವನ್ನೂ ತೆಗೆದು ನೋಡಿದೆ. ಸೂಟು ಇನ್ನೂ ಒಳಗೇ ಇದೆ. ಮೇಲಿಂದ ಫೋನು: ಪ್ಯಾಂಟಿನ ಜಿಪ್ ಸ್ವಲ್ಪ ಸಡಿಲವಂತೆ, ಅಲ್ಲಿ ಒಳ್ಳೆ ಟೈಲರ್ ಸಿಗುತ್ತಾನಾ ವಿಚಾರಿಸಬೇಕಂತೆ.